ನಿಮ್ಮ ಮಗಳು ನಮ್ಮ ಹತ್ತಿರ ಇದ್ದಾಳೆ

ನನ್ನ ಮನೆಯಿಂದ ಇನ್ನು ಮುಂದೆ ಒಂದೇ ಒಂದು ರೂಪಾಯಿಯೂ ಕಳ್ಳರ ಪಾಲಾಗುವುದಿಲ್ಲ ಎಂದು ನಾನು ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಟಿ. ದಾಸರಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ, ಸ್ಟೂಲಿನ ಮೇಲೆ ನಿಂತು. ಒಂದು ಕೈಯಲ್ಲಿ ಅಂಟಿಸುವ ಟೇಪು, ಇನ್ನೊಂದರಲ್ಲಿ ನಾನೇ ರಾತ್ರಿಯಿಡೀ ಕೂತು ಬರೆದ ‘ವಂಚನೆ ತಡೆ ನಿಯಮಾವಳಿ’. ಕೆಳಗೆ ನಿಂತು ಆಲಿಸುತ್ತಿದ್ದ ಜನಸಾಗರವೆಂದರೆ ಹೆಂಡತಿ ಮಂಜುಶ್ರೀ ಮತ್ತು ಮಗಳು ಸಮನ್ವಿತಾ.

“ಮೊದ್ಲು ಇಳೀರಿ. ಆ ಸ್ಟೂಲಿನ ಒಂದು ಕಾಲು ಅಲ್ಲಾಡತ್ತೆ,” ಎಂದಳು ಮಂಜುಶ್ರೀ.

“ಮಹತ್ವದ ವಿಷಯ ಹೇಳ್ತಿದ್ದೀನಿ ಕಣೇ.”

“ಇಳಿದು ಹೇಳಿ. ಮಹತ್ವ ಏನೂ ಕಮ್ಮಿ ಆಗಲ್ಲ.”

ನಾನು ಇಳಿಯಲಿಲ್ಲ. ನನ್ನ ಹೆಸರು ಶಿವಶಂಕರ್. ಪೀಣ್ಯದ ಒಂದು ವಾಲ್ವ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಕ್ವಾಲಿಟಿ ಇನ್ಸ್‌ಪೆಕ್ಟರ್. ತಯಾರಾದ ಮಾಲನ್ನು ಅಳೆದು ನೋಡಿ, ಸರಿಯಿಲ್ಲದ್ದಕ್ಕೆ ಕೆಂಪು ಬಣ್ಣ ಬಳಿದು ಆಚೆ ಎಸೆಯುವುದು ನನ್ನ ಕಸುಬು. ಕೂದಲೆಳೆಯಷ್ಟು ತಪ್ಪಿದ್ದರೂ ನನ್ನ ಕಣ್ಣಿಗೆ ಬೀಳುತ್ತದೆ. ಹಾಗಿರುವಾಗ ಫೋನಿನಲ್ಲಿ ಬರುವ ಕಳ್ಳ ನನ್ನ ಕಿವಿ ತಪ್ಪಿಸಿಕೊಂಡು ಹೋದಾನೆಯೇ?

ಇಷ್ಟಕ್ಕೆಲ್ಲ ಕಾರಣ ಪಕ್ಕದ ಮನೆಯ ಹನುಮಂತಯ್ಯ. ‘ನಿಮ್ಮ ಮನೆಯ ಕರೆಂಟು ಇಂದೇ ಕಡಿತವಾಗುತ್ತದೆ’ ಎಂದು ಯಾರೋ ಕಳಿಸಿದ ಮೆಸೇಜನ್ನು ನಂಬಿ, ಅದರಲ್ಲಿದ್ದ ನೀಲಿ ಅಕ್ಷರ ಒತ್ತಿ, ಪಾಪ, ಮಗನ ಕಾಲೇಜು ಫೀಸಿಗೆಂದು ಇಟ್ಟಿದ್ದ ಹಣವನ್ನೆಲ್ಲ ಕಳೆದುಕೊಂಡರು. ಅವರ ದುಃಖದಲ್ಲಿ ನಾನು ಭಾಗಿಯಾದ ರೀತಿಯೆಂದರೆ, ಅವರ ಮನೆಗೆ ಹೋಗಿ, ಅವರು ಎಲ್ಲೆಲ್ಲಿ ತಪ್ಪಿದರು ಎಂದು ಮುಕ್ಕಾಲು ಗಂಟೆ ವಿವರಿಸಿದ್ದು. ಅವರ ಹೆಂಡತಿ ಕಾಫಿ ಕೂಡ ಕೊಡಲಿಲ್ಲ.

ನನ್ನ ನಿಯಮಗಳು ಕಠಿಣವಾಗಿದ್ದವು. ಗೊತ್ತಿಲ್ಲದ ನಂಬರಿನ ಫೋನು ಎತ್ತಬಾರದು. ಕಾರ್ಡಿನ ನಂಬರು, ಒಟಿಪಿ ಇವನ್ನು ಹೆತ್ತ ತಾಯಿಗೂ ಹೇಳಬಾರದು. ‘ಗಾಬರಿಯಾಗಬೇಡಿ’ ಎಂದು ಯಾರು ಮಾತು ಶುರು ಮಾಡುತ್ತಾರೋ ಅವರು ಗಾಬರಿ ಮಾಡಲೆಂದೇ ಬಂದವರು. ಇವೆಲ್ಲಕ್ಕೂ ಕಿರೀಟವಿಟ್ಟಂತೆ ಗುಪ್ತಪದ. ಈಗ ಯಂತ್ರಗಳು ಯಾರ ಧ್ವನಿಯನ್ನು ಬೇಕಾದರೂ ತಯಾರು ಮಾಡುತ್ತವಂತೆ. ಮಗಳ ಧ್ವನಿಯಲ್ಲಿ ಅತ್ತು ಅಪ್ಪನಿಂದ ಹಣ ಕೀಳುತ್ತಾರಂತೆ. ಆದ್ದರಿಂದ ನಮ್ಮ ಮೂವರಿಗೆ ಮಾತ್ರ ಗೊತ್ತಿರುವ ಒಂದು ಪದ. ಕಷ್ಟದಲ್ಲಿ ಫೋನು ಮಾಡಿದವರು ಮೊದಲು ಅದನ್ನು ಹೇಳಬೇಕು. ಕಾರ್ಖಾನೆಯ ಕಂಪ್ಯೂಟರಿನ ಪಾಸ್‌ವರ್ಡಿನಂತೆ ವಾರಕ್ಕೊಮ್ಮೆ ಅದು ಬದಲಾಗಬೇಕು.

“ಈ ವಾರ ಹೀರೇಕಾಯಿ,” ಎಂದೆ ಗುಟ್ಟಾಗಿ.

“ಅಪ್ಪ, ಕಷ್ಟದಲ್ಲಿರೋಳು ಹೀರೇಕಾಯಿ ಅಂತ ಕಿರುಚ್ಬೇಕಾ?” ಎಂದಳು ಸಮನ್ವಿತಾ. ಅವಳು ಬೆಳ್ಳಂದೂರಿನ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ಇಲ್ಲಿಂದ ಅಲ್ಲಿಗೆ ದಿನಾ ಓಡಾಡಿದರೆ ಕೆಲಸ ಮಾಡಲು ಟೈಮೇ ಸಿಗುವುದಿಲ್ಲವಾದ್ದರಿಂದ, ಶುಕ್ರವಾರದವರೆಗೆ ಅಲ್ಲೇ ಪಿಜಿಯಲ್ಲಿದ್ದು ಶನಿವಾರ ಮನೆಗೆ ಬರುತ್ತಾಳೆ.

“ಕಿರುಚೋದು ಬೇಡ. ಮೆಲ್ಲಗೆ ಹೇಳಿದ್ರೂ ಸಾಕು,” ಎಂದು ನಾನು ರಿಯಾಯಿತಿ ಕೊಟ್ಟೆ.

ಮಂಗಳವಾರ ಬೆಳಿಗ್ಗೆ ಗುಟ್ಟು ರಟ್ಟಾಯಿತು. ನಮ್ಮ ಮನೆಯ ಓನರ್ ಆಂಜಿನಪ್ಪನವರು ಕೆಳಗಿನ ಮನೆಯಲ್ಲೇ ಇರುವವರು. ದಾಸರಹಳ್ಳಿ ನಿಜವಾಗಿಯೂ ಹಳ್ಳಿಯಾಗಿದ್ದಾಗಿನಿಂದ ಇಲ್ಲಿರುವ ಮನೆತನ. ನಾನು ಹಾಲು ತರಲು ಇಳಿದರೆ, ಬೀದಿಯ ಆ ತುದಿಯಿಂದ ಕೂಗಿದರು.

“ಏನ್ ಇನಿಸ್‌ಪೆಟ್ರೇ, ಈ ವಾರ ಈರೇಕಾಯಂತೆ?”

ತಳ್ಳುಗಾಡಿಯವನು ಬೇರೆ ಅಲ್ಲೇ ನಿಂತಿದ್ದ. “ಹೀರೇಕಾಯಿ ಇಲ್ಲ ಸಾರ್, ಬೆಂಡೆಕಾಯಿ ಐತೆ,” ಎಂದ.

ಯಾರು ಹೇಳಿದರೆಂದು ವಿಚಾರಿಸಿದಾಗ, ಮಂಜುಶ್ರೀ ಆಂಜಿನಪ್ಪನವರ ಹೆಂಡತಿ ವೆಂಕಟಮ್ಮನ ಜೊತೆ ನಕ್ಕು ನಕ್ಕು ಹೇಳಿದ್ದಳು ಎಂದು ತಿಳಿಯಿತು. ಭದ್ರತೆ ಎಂದರೆ ಹುಡುಗಾಟವಲ್ಲ. ಆ ಗಳಿಗೆಯಲ್ಲೇ ಪದ ಬದಲಾಯಿಸಿ ‘ಪಡವಲಕಾಯಿ’ ಎಂದು ಮಾಡಿದೆ. ಮಂಜುಶ್ರೀಯ ಕಿವಿಯಲ್ಲಿ ಹೇಳಿದೆ. ಸಮನ್ವಿತಾಳಿಗೆ ಹೇಳಲಿಲ್ಲ. ಫೋನಿನಲ್ಲಿ ಹೇಳಿದರೆ ಯಾರು ಕೇಳಿಸಿಕೊಳ್ಳುತ್ತಾರೋ ಯಾರಿಗೆ ಗೊತ್ತು? ಶನಿವಾರ ಎದುರಿಗೇ ಕೂರಿಸಿಕೊಂಡು ಹೇಳಿದರಾಯಿತು ಎಂದುಕೊಂಡೆ.

ಗುರುವಾರ ನನಗೆ ಎರಡನೇ ಪಾಳಿ. ಮಂಜುಶ್ರೀ ಬಾಗಲಗುಂಟೆಯ ಒಂದು ಶಾಲೆಯಲ್ಲಿ ಗಣಿತದ ಟೀಚರ್, ಎಂಟಕ್ಕೇ ಹೋಗಿದ್ದಳು. ಹನ್ನೊಂದು ಗಂಟೆಯ ಹೊತ್ತಿಗೆ ನಾನು ಉಪ್ಪಿಟ್ಟು ಬಿಸಿ ಮಾಡಿಕೊಂಡು ಕೂತಿದ್ದೆ. ಫೋನು ಬಂತು. ಗೊತ್ತಿಲ್ಲದ ನಂಬರು.

ನಿಯಮದ ಪ್ರಕಾರ ಎತ್ತಬಾರದು. ಆದರೆ ನಿಜ ಹೇಳುತ್ತೇನೆ, ನಾಲ್ಕು ದಿನದಿಂದ ಒಬ್ಬನೇ ಒಬ್ಬ ಕಳ್ಳನೂ ನನಗೆ ಫೋನು ಮಾಡಿರಲಿಲ್ಲ. ಇಷ್ಟೆಲ್ಲ ಸಿದ್ಧನಾಗಿ ಕೂತಿದ್ದರೂ ಯುದ್ಧಕ್ಕೆ ಯಾರೂ ಬಾರದೆ ನನಗೆ ಒಂದು ರೀತಿಯ ಅವಮಾನವೇ ಆಗಿತ್ತು. ಎತ್ತಿದೆ.

“ಶಿವಶಂಕರ್ ಅವರಾ ಸಾರ್?” ವಯಸ್ಸಾದ ಗಂಡಸಿನ ಧ್ವನಿ. ನಿಧಾನ, ಮರ್ಯಾದೆ.

“ಹೌದು. ನೀವು ಯಾವ ಇಲಾಖೆ? ಕೊರಿಯರಾ, ಪೊಲೀಸಾ, ಬ್ಯಾಂಕಾ?”

“ಇಲಾಖೆ ಏನಿಲ್ಲ ಸಾರ್. ನನ್ನ ಹೆಸರು ಸಿದ್ದರಾಮಪ್ಪ. ಗಾಬರಿ ಆಗ್ಬೇಡಿ. ನಿಮ್ಮ ಮಗಳು ನಮ್ಮ ಹತ್ರ ಇದ್ದಾಳೆ.”

ಗಾಬರಿ ಆಗ್ಬೇಡಿ. ನನ್ನ ಮೈಯಲ್ಲಿ ವಿದ್ಯುತ್ ಹರಿಯಿತು. ಕಡೆಗೂ ಬಂದನಲ್ಲ ಮಹಾರಾಯ.

“ಓಹೋ, ಇದ್ದಾಳಾ? ಒಳ್ಳೇದಾಯ್ತು. ನೀವೇ ಇಟ್ಕೊಳ್ಳಿ.”

ಆ ಕಡೆ ಸಣ್ಣಗೆ ಕೆಮ್ಮಿದ ಸದ್ದು.

“ಸಾರ್, ಅದು ದೊಡ್ಡ ಮಾತು. ಅದನ್ನ ಫೋನಲ್ಲಿ ಬೇಡ, ಮನೆಯವರೆಲ್ಲ ಕೂತು ಮಾತಾಡೋಣ. ಈಗ ಅರ್ಜೆಂಟಾಗಿ ಬೇಕಾಗಿರೋದು ಅವಳ ಇನ್ಶೂರೆನ್ಸ್ ಕಾರ್ಡಿನ ನಂಬರು.”

“ಬಂದ್ರಲ್ಲ ದಾರಿಗೆ. ಕಾರ್ಡ್ ನಂಬರು. ಹಿಂದುಗಡೆ ಇರೋ ಮೂರು ಅಂಕಿನೂ ಬೇಕಾ?”

“ಅದು ಬೇಡ ಅನ್ಸತ್ತೆ ಸಾರ್. ತಡೀರಿ, ಕೌಂಟರಲ್ಲಿ ಕೇಳಿ ಹೇಳ್ತೀನಿ.”

ಎಂಥ ನಯವಂತ ಕಳ್ಳ ಎಂದು ಮೆಚ್ಚಿಕೊಂಡೆ. ಕಥೆಯನ್ನೂ ಚೆನ್ನಾಗಿ ಹೆಣೆದಿದ್ದ. ಸಮನ್ವಿತಾ ಮಾರತ್ತಹಳ್ಳಿಯ ಪಾದಚಾರಿ ಸೇತುವೆಯ ಮೆಟ್ಟಿಲಲ್ಲಿ ಕಾಲು ಜಾರಿ ಬಿದ್ದಳಂತೆ. ಕೈಯಲ್ಲಿದ್ದ ಫೋನು ಕೆಳಗಿನ ರಸ್ತೆಗೆ ಬಿದ್ದು, ಅದರ ಮೇಲೆ ಬಸ್ಸು ಹರಿಯಿತಂತೆ. ಅಂದರೆ ಅವಳ ಫೋನಿಗೆ ಮಾಡಿ ನಿಜವೋ ಸುಳ್ಳೋ ಎಂದು ನೋಡುವ ಹಾಗೂ ಇಲ್ಲ. ಜೊತೆಗಿದ್ದ ಇವರ ಮಗ ಆಸ್ಪತ್ರೆಗೆ ಸೇರಿಸಿದನಂತೆ. ಮನೆ ಹತ್ತಿರವೇ ಇದ್ದುದರಿಂದ ಇವರೂ ಬಂದರಂತೆ. ಇಷ್ಟು ಅಳತೆಗೆ ಸರಿಯಾಗಿ ಕೂರುವ ಮಾಲನ್ನು ನಾನು ಕಾರ್ಖಾನೆಯಲ್ಲೂ ನೋಡಿರಲಿಲ್ಲ.

“ಅವಳ ಕೈಗೇ ಕೊಡ್ತೀನಿ ಸಾರ್, ನೀವೇ ಮಾತಾಡಿ,” ಎಂದರು ಅವರು.

“ಅಪ್ಪಾ...” ಸಮನ್ವಿತಾಳ ಧ್ವನಿ. ಅಳುತ್ತಿದ್ದಳು.

ತಟ್ಟೆ ಬದಿಗಿಟ್ಟು ಎದ್ದೇಬಿಟ್ಟೆ. ಮರುಕ್ಷಣವೇ ಸಾವರಿಸಿಕೊಂಡೆ. “ಪದ ಹೇಳು.”

“ಏನು?”

“ಈ ವಾರದ ಪದ.”

“ಅಪ್ಪಾ, ಕಾಲು ಊದ್ಕೊಂಡು ಕಂಬ ಆಗಿದೆ. ನೋವು ತಡೆಯೋಕಾಗ್ತಿಲ್ಲ.”

“ಪದ.”

“ಹೀರೇಕಾಯಿ,” ಎಂದಿತು ಧ್ವನಿ, ಬಿಕ್ಕುತ್ತಾ.

“ಅದು ಮಂಗಳವಾರಕ್ಕೆ ಮುಗೀತು. ಈಗಿನದು ಹೇಳು.”

“ಬದಲಾಯಿಸಿದ್ರಾ? ಮತ್ತೆ ನಂಗೆ ಹೇಳೇ ಇಲ್ಲ?”

“ನನ್ನ ಮಗಳಾಗಿದ್ರೆ ಗೊತ್ತಿರ್ತಿತ್ತು.”

“ನೀವು ಹೇಳಿದ್ರೆ ತಾನೇ ಗೊತ್ತಾಗೋದು?”

ವಾದ ಮಾಡುವ ಯಂತ್ರ. ಆದರೂ ನಾನು ಅನ್ಯಾಯ ಮಾಡುವವನಲ್ಲ. ಕಾರ್ಖಾನೆಯಲ್ಲಿ ಒಂದು ಸಲ ತಪ್ಪಿದ ಮಾಲನ್ನು ಇನ್ನೊಂದು ಸಲ ಅಳೆದೇ ಎಸೆಯುತ್ತೇವೆ. “ಸರಿ, ಇನ್ನೊಂದು ಪ್ರಶ್ನೆ. ಹತ್ತನೇ ಕ್ಲಾಸಲ್ಲಿ ಫಸ್ಟ್ ಬಂದಾಗ ನಾನು ನಿನಗೆ ಏನು ಕೊಡಿಸಿದೆ?”

“ಏನೂ ಕೊಡಿಸ್ಲಿಲ್ಲ. ಸೈಕಲ್ ಕೊಡಿಸ್ತೀನಿ ಅಂದ್ರಿ, ಕೊಡಿಸ್ಲಿಲ್ಲ.”

ಉತ್ತರ ನೂರಕ್ಕೆ ನೂರು ಸರಿ. ಇದು ನಮ್ಮ ಮನೆಯ ಮೂವರಿಗೆ ಮಾತ್ರ ಗೊತ್ತಿದ್ದ ವಿಷಯ. ಬೇರೆ ಯಾರೇ ಆಗಿದ್ದರೂ ಆಗ ಫೋನಿನಲ್ಲಿರುವುದು ಮಗಳೇ ಎಂದು ತೀರ್ಮಾನಿಸುತ್ತಿದ್ದರು. ನಾನು ಇನ್ಸ್‌ಪೆಕ್ಟರ್. ಕಳ್ಳರು ನಮ್ಮ ಮನೆಯೊಳಗೆ ಎಲ್ಲೋ ಮೈಕು ಇಟ್ಟಿದ್ದಾರೆ ಎಂದು ತೀರ್ಮಾನಿಸಿದೆ.

“ಚೆನ್ನಾಗಿ ತಯಾರಾಗಿ ಬಂದಿದ್ದೀರಿ,” ಎಂದು ಹೇಳಿ ಫೋನು ಇಟ್ಟೆ. ಮತ್ತೆ ಬಂತು. ಕಟ್ ಮಾಡಿದೆ. ಏಳು ಸಲ ಬಂತು, ಏಳು ಸಲವೂ ಕಟ್ ಮಾಡಿದೆ. ಕೊನೆಗೆ ನಿಂತಿತು. ಉಪ್ಪಿಟ್ಟಿಗೆ ಎಂದೂ ಇಲ್ಲದ ರುಚಿ ಬಂದಿತ್ತು.

ಅಷ್ಟಕ್ಕೆ ಸುಮ್ಮನಾಗಿದ್ದರೆ ನಷ್ಟ ಅರ್ಧವಾದರೂ ಕಡಿಮೆಯಾಗುತ್ತಿತ್ತು. ಆದರೆ ಇಂಥ ಪಾಖಂಡಿಗಳನ್ನು ಸುಮ್ಮನೆ ಬಿಟ್ಟರೆ ನಾಳೆ ಇನ್ನೊಬ್ಬ ಹನುಮಂತಯ್ಯ ಬಲಿಯಾಗುತ್ತಾರೆ. ದೂರು ಕೊಡಲೇಬೇಕು. ಸರ್ಕಾರದ ಸಹಾಯವಾಣಿ 1930 ಎಂದು ನಿಯಮಾವಳಿಯ ತುದಿಯಲ್ಲಿ ನಾನೇ ಕೆಂಪು ಶಾಯಿಯಲ್ಲಿ ಬರೆದಿದ್ದೆ. ಆದರೆ ಅಂಟಿಸಿದ ಜಾಗ ಎತ್ತರ, ಅಕ್ಷರ ಸಣ್ಣದು, ಕನ್ನಡಕ ಎಲ್ಲಿಟ್ಟೆನೋ ನೆನಪಿಲ್ಲ. 1390 ಇರಬಹುದೇ, 1903 ಇರಬಹುದೇ ಎಂದು ಯೋಚಿಸಿ ಯೋಚಿಸಿ, ಕೊನೆಗೆ ಮೊಬೈಲಿನಲ್ಲಿ ‘ವಂಚನೆ ದೂರು ನಂಬರ್’ ಎಂದು ಹುಡುಕಿದೆ. ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಹತ್ತಂಕಿಯ ನಂಬರಿತ್ತು. ಮಾಡಿದೆ. ಒಂದೇ ರಿಂಗಿಗೆ ಎತ್ತಿದರು. ಸರ್ಕಾರಿ ಕಚೇರಿಯಲ್ಲಿ ಒಂದೇ ರಿಂಗಿಗೆ ಫೋನು ಎತ್ತುತ್ತಾರೆಯೇ ಎಂಬ ಸಂಶಯ ನನ್ನಂಥ ಸಂಶಯಪಿಶಾಚಿಗೂ ಬರಲಿಲ್ಲ ನೋಡಿ.

“ನಮಸ್ಕಾರ ಸಾರ್, ಸೈಬರ್ ಸುರಕ್ಷಾ ಸಹಾಯ ಕೇಂದ್ರ. ನಾನು ರಕ್ಷಿತಾ ಮಾತಾಡ್ತಿರೋದು.”

ಹೆಸರಿಗೇ ಅರ್ಧ ರಕ್ಷಣೆ ಸಿಕ್ಕಂತಾಯಿತು. ನಡೆದದ್ದನ್ನೆಲ್ಲ ಹೇಳಿದೆ. ಗುಪ್ತಪದದ ವಿಷಯ ಕೇಳಿ ಆಕೆ ಬೆರಗಾದಳು.

“ಎಂಥ ಐಡಿಯಾ ಸಾರ್. ನಿಮ್ಮಂಥವರು ಸಾವಿರಕ್ಕೊಬ್ಬರು. ಅವರಿಗೆ ಒಟಿಪಿ ಏನಾದ್ರೂ ಹೇಳಿದ್ರಾ?”

“ನಾನಾ? ಯಮನೇ ಬಂದು ಕೇಳಿದ್ರೂ ಹೇಳಲ್ಲ.”

“ಸರಿ ಸಾರ್. ನನಗೂ ಹೇಳ್ಬೇಡಿ.”

ಈ ಮಾತಿಗೆ ನಾನು ಸಂಪೂರ್ಣ ಶರಣಾದೆ. ಒಟಿಪಿ ಕೇಳದ ಕಳ್ಳರು ಉಂಟೇ? ಆ ಏಳು ಫೋನುಗಳ ಮೂಲಕ ಕಳ್ಳರು ನನ್ನ ಮೊಬೈಲಿನೊಳಗೆ ನುಗ್ಗಿರಬಹುದು, ಅದಕ್ಕೊಂದು ಬೀಗ ಹಾಕಬೇಕು ಎಂದಳು. ಬೀಗದ ಆ್ಯಪ್ ಕಳಿಸಿದಳು. ಹಾಕಿಕೊಂಡೆ. ಪರದೆಯ ಮೇಲೆ ‘ಅನುಮತಿಸಿ’ ಎಂದು ಬಂತು. ಅನುಮತಿಸಿದೆ.

“ಈಗ ಬ್ಯಾಂಕಿನ ಆ್ಯಪ್ ತೆಗೆದು, ನಿಮ್ಮ ದುಡ್ಡು ಭದ್ರವಾಗಿದೆಯಾ ನೋಡ್ಕೊಳ್ಳಿ ಸಾರ್. ಎಷ್ಟಿದೆ ಅಂತ ನನಗೆ ಹೇಳ್ಬೇಡಿ.”

ಪಿನ್ ಒತ್ತಿ ನೋಡಿಕೊಂಡೆ. ಭದ್ರವಾಗಿತ್ತು. ನನ್ನ ಪರದೆಯ ಮೇಲೆ ಕಾಣುವುದೆಲ್ಲ ಆ ಆ್ಯಪಿನಿಂದಾಗಿ ಅವಳ ಪರದೆಯ ಮೇಲೂ ಕಾಣುತ್ತಿದೆ, ನನ್ನ ಜೊತೆ ಅವಳೂ ನೋಡಿಕೊಳ್ಳುತ್ತಿದ್ದಾಳೆ ಎಂಬುದು ಗೊತ್ತಿರಲಿಲ್ಲ.

“ಒಂದು ಮೆಸೇಜ್ ಬರತ್ತೆ ಸಾರ್. ಅದರಲ್ಲಿರೋ ನಂಬರನ್ನ ಯಾರಿಗೂ ಹೇಳ್ಬೇಡಿ. ಬಂದಿದೆಯಾ ಅಂತ ತೆಗೆದು ನೋಡಿ ಸಾಕು.”

ತೆಗೆದು ನೋಡಿದೆ. ಹೇಳಲಿಲ್ಲ. ತುಟಿಯನ್ನು ಬಿಗಿಯಾಗಿ ಮುಚ್ಚಿಕೊಂಡೇ ಇದ್ದೆ. ಹೀಗೆ ಮೂರು ಸಲ ಆಯಿತು. ಮೂರು ಸಲವೂ ನಾನು ಬಾಯಿ ಬಿಡಲಿಲ್ಲ. “ನಿಮ್ಮ ಕೆಲಸ ಮುಗೀತು ಸಾರ್, ಇನ್ನು ಆರಾಮಾಗಿರಿ,” ಎಂದಳು ರಕ್ಷಿತಾ. ಅಷ್ಟರಲ್ಲಿ ಬಾಗಿಲು ದಢಾರನೆ ತೆರೆಯಿತು.

ಮಂಜುಶ್ರೀ. ಅವಳ ಹಿಂದೆ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ಆಂಜಿನಪ್ಪನವರು.

“ಸಮು ಕಾಲು ಮುರ್ಕೊಂಡು ಆಸ್ಪತ್ರೇಲಿದ್ದಾಳೆ. ನೀವು ಫೋನ್ ಎತ್ತಲ್ಲ ಅಂತ ನಮ್ಮ ಸ್ಕೂಲ್ ಆಫೀಸಿಗೆ ಮಾಡಿದ್ಲು. ಏನ್ಮಾಡ್ತಿದ್ದೀರಿ ನೀವು?”

“ದೂರು ಕೊಡ್ತಿದ್ದೀನಿ.”

“ಯಾರ ಮೇಲೆ?”

“ಸಮು ಧ್ವನಿಯಲ್ಲಿ ಮಾತಾಡಿದ ಕಳ್ಳರ ಮೇಲೆ. ಅದು ಸಮು ಅಲ್ಲ ಕಣೇ. ಪದ ತಪ್ಪು ಹೇಳಿದ್ಲು. ಹೀರೇಕಾಯಿ ಅಂದ್ಲು. ಪಡವಲಕಾಯಿ ಅನ್ಬೇಕಿತ್ತು.”

“ಪಡವಲಕಾಯಿ ಅಂತ ಅವಳಿಗೆ ಹೇಳಿದ್ರಾ?”

“ಶನಿವಾರ ಹೇಳೋಣ ಅಂತಿದ್ದೆ.”

ಮಂಜುಶ್ರೀ ನನ್ನನ್ನು ನೋಡಿದಳು. ಲೆಕ್ಕ ತಪ್ಪು ಮಾಡಿದ ಹುಡುಗನನ್ನು ನೋಡುವ ನೋಟ ನನಗೆ ಪರಿಚಿತ. ಇದು ಲೆಕ್ಕದ ಪುಸ್ತಕವನ್ನೇ ಹರಿದು ತಿಂದ ಹುಡುಗನನ್ನು ನೋಡುವ ನೋಟ. ಅಷ್ಟರಲ್ಲಿ ನನ್ನ ಫೋನು ಟಿಣ್ ಟಿಣ್ ಟಿಣ್ ಎಂದು ಮೂರು ಸಲ ಸದ್ದು ಮಾಡಿತು.

“ಏನದು?”

“ದೂರು ಸ್ವೀಕಾರ ಆಗಿರ್ಬೇಕು.”

ಅವಳು ಫೋನು ಕಿತ್ತುಕೊಂಡು ಓದಿದಳು. ಅಲ್ಲೇ ಕುರ್ಚಿಯ ಮೇಲೆ ಕುಸಿದಳು.

“ಏನಾತವ್ವಾ?” ಎಂದರು ಆಂಜಿನಪ್ಪ.

“ದುಡ್ಡು ಹೋಯ್ತು ಆಂಜಿನಪ್ಪನೋರೇ. ನಲವತ್ತೆಂಟು ಸಾವಿರ.”

“ಎಂಗೋಯ್ತು? ಕಳ್ರು ಬಂದಿದ್ರಾ?”

“ಇಲ್ಲ. ಇವರೇ ಫೋನ್ ಮಾಡಿ ಕರೆಸ್ಕೊಂಡ್ರು.”

“ಇನಿಸ್‌ಪೆಟ್ರಾ?” ಎಂದು ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ನೋಟದಲ್ಲಿ ಮುಂದಿನ ತಿಂಗಳ ಬಾಡಿಗೆಯ ಚಿಂತೆ ಸ್ಪಷ್ಟವಾಗಿ ಕಾಣುತ್ತಿತ್ತು.

ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮಂಜುಶ್ರೀ ಎದ್ದು ಸ್ಟೂಲು ಎಳೆದುಕೊಂಡಳು, ಹತ್ತಿದಳು, ಗೋಡೆಯ ಮೇಲಿನ ಕೆಂಪು ಅಕ್ಷರ ಓದಿ 1930ಕ್ಕೆ ಫೋನು ಮಾಡಿದಳು. ಬಳಿಕ ಬ್ಯಾಂಕಿನ ಪಾಸ್‌ಬುಕ್ ತೆಗೆದು ಅದರ ಹಿಂದೆ ಅಚ್ಚಾಗಿದ್ದ ನಂಬರಿಗೆ ಮಾಡಿ ಖಾತೆಯನ್ನು ತಡೆಹಿಡಿಸಿದಳು. ನನ್ನ ಫೋನಿನಿಂದ ಆ ಆ್ಯಪನ್ನು ಕಿತ್ತುಹಾಕಿ, ಫೋನನ್ನೇ ಆಫ್ ಮಾಡಿದಳು. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ನನ್ನ ನಿಯಮಾವಳಿಯನ್ನು ಓದಿ ಅದರಂತೆ ನಡೆದ ಮೊಟ್ಟಮೊದಲ ವ್ಯಕ್ತಿ ಅವಳೇ.

ಆಂಜಿನಪ್ಪನವರ ಕಾರಿನಲ್ಲಿ ಮಾರತ್ತಹಳ್ಳಿಗೆ ಹೊರಟೆವು. ದಾರಿ ಎರಡು ಗಂಟೆ ಹತ್ತು ನಿಮಿಷ ಹಿಡಿಯಿತು. ಹೆಬ್ಬಾಳ ದಾಟಿದ ಮೇಲೆ ಆಂಜಿನಪ್ಪನವರು ಸಮಾಧಾನ ಹೇಳಿದರು.

“ಓಗ್ಲಿ ಬುಡಿ ಇನಿಸ್‌ಪೆಟ್ರೇ. ನಂಗೂ ಅಂಗೇ ಒಂದು ಪೋನ್ ಬಂದಿತ್ತು. ನಿಮ್ ಮೇಲೆ ಕೇಸಾಗೈತೆ ಅಂದ. ಯಾವ್ ಕೇಸಪ್ಪ, ಮೂಡ್ಲು ಕಡೆ ಗದ್ದೇದಾ, ನಮ್ಮಣ್ಣನ್ ಮಕ್ಳು ಆಕಿರೋದಾ, ದನದ್ ಕೊಟ್ಟಿಗೇದಾ ಅಂತ ಒಂದೊಂದೇ ಕೇಳ್ತಾ ಓದೆ. ಅವ್ನೇ ಮಡಗ್ಬುಟ್ಟ.”

ಮಂಜುಶ್ರೀ ನಕ್ಕಳು. ನಾನು ಕಿಟಕಿಯಾಚೆ ನೋಡುತ್ತಿದ್ದೆ. ನನ್ನ ಕಿವಿಯಲ್ಲಿ ‘ನೋವು ತಡೆಯೋಕಾಗ್ತಿಲ್ಲ’ ಎಂಬ ಮಾತು ಒಂದೇ ಸಮನೆ ಕೇಳುತ್ತಿತ್ತು. ಹಣದ ನೆನಪು ಆ ದಾರಿಯಲ್ಲಿ ನನಗೆ ಒಮ್ಮೆಯೂ ಬರಲಿಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ಎರಡು ಸಲ ಬಂತು.

ಆಸ್ಪತ್ರೆಯ ವಾರ್ಡಿನಲ್ಲಿ ಸಮನ್ವಿತಾ ಮೊಣಕಾಲಿನವರೆಗೆ ಬಿಳಿ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಳು. ಮಂಚದ ಪಕ್ಕ ಒಬ್ಬ ಎತ್ತರದ ಹುಡುಗ ಎಳನೀರು ಹಿಡಿದು ನಿಂತಿದ್ದ. ನನ್ನನ್ನು ಕಂಡವನೇ ಎಳನೀರನ್ನು ಬೆನ್ನ ಹಿಂದೆ ಬಚ್ಚಿಟ್ಟ. ಕುರ್ಚಿಯಲ್ಲಿದ್ದ ಹಿರಿಯರು ಎದ್ದು ಕೈಮುಗಿದರು. ಇಸ್ತ್ರಿ ಮಾಡಿದ ಬಿಳಿ ಶರಟು, ಜೇಬಿನಲ್ಲಿ ಎರಡು ಪೆನ್ನು.

“ಬನ್ನಿ ಸಾರ್. ನಾನೇ ಸಿದ್ದರಾಮಪ್ಪ. ಇವನು ನನ್ನ ಮಗ ಶ್ರೀಕರ್.”

ನಾನು ಯಾಂತ್ರಿಕವಾಗಿ ಕೈಮುಗಿದೆ. ಮಂಜುಶ್ರೀ ಮಾತ್ರ “ಊಟ ಆಯ್ತೇನೋ ಶ್ರೀಕರ್?” ಎಂದು ಮನೆಮಗನನ್ನು ಕೇಳುವಂತೆ ಕೇಳಿದಳು. ಅವಳಿಗೆ ಆರು ತಿಂಗಳಿಂದ ಎಲ್ಲ ಗೊತ್ತಿತ್ತು. ಹುಡುಗ ಹುಡುಗಿ ಒಂದೇ ಕಂಪನಿ, ಎರಡು ವರ್ಷದ ಪರಿಚಯ, ಆ ಮನೆಯಲ್ಲೂ ಒಪ್ಪಿಗೆ. ನನಗೆ ಮಾತ್ರ ಹೇಳಿರಲಿಲ್ಲ.

“ಯಾಕೆ ಹೇಳಲಿಲ್ಲ?” ಎಂದೆ, ಅವಳನ್ನು ಪಕ್ಕಕ್ಕೆ ಕರೆದು.

“ಹೇಳಿದ್ರೆ ಆ ಹುಡುಗನ ಹತ್ರ ಆಧಾರ್ ಕಾರ್ಡ್ ಕೇಳ್ತಿದ್ರಿ.”

ಕೇಳುತ್ತಿದ್ದೆ. ನಿಜ.

ಈಗ ನನಗೆ ಆ ಫೋನಿನ ಮಾತು ಅರ್ಥವಾಯಿತು. ಮಗಳನ್ನು ಸೊಸೆಯಾಗಿ ತಂದುಕೊಳ್ಳಬೇಕೆಂದು ಕಾಯುತ್ತಿದ್ದ ಮನುಷ್ಯನಿಗೆ, ಮೊದಲ ಮಾತಿನಲ್ಲೇ, ಪರಿಚಯವೂ ಇಲ್ಲದೆ, ನೀವೇ ಇಟ್ಕೊಳ್ಳಿ ಎಂದುಬಿಟ್ಟಿದ್ದೆ. ಅವರು ಅದನ್ನು ಕನ್ಯಾದಾನವೆಂದೇ ತಿಳಿದು, ಇಂಥ ಮಾತು ಫೋನಲ್ಲಿ ಬೇಡ ಎಂದು ಸಂಕೋಚಪಟ್ಟಿದ್ದರು.

“ಕ್ಷಮಿಸ್ಬೇಕು ಸಾರ್,” ಎಂದೆ. “ನಿಮ್ಮನ್ನ ನಾನು...”

“ಬಿಡಿ ಸಾರ್,” ಎಂದರು ಸಿದ್ದರಾಮಪ್ಪ. “ನಾನೂ ವಿಮಾನ ಕಾರ್ಖಾನೇಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಷನ್ನಲ್ಲೇ ಇದ್ದೋನು. ಒಂದೊಂದ್ಸಲ ಒಳ್ಳೇ ಪೀಸನ್ನೂ ರಿಜೆಕ್ಟ್ ಮಾಡ್ಬಿಡ್ತೀವಿ. ಆಗತ್ತೆ.”

ಅವರು ಬೈದಿದ್ದರೆ ಚೆನ್ನಾಗಿತ್ತು.

ಎಲ್ಲರೂ ಕಾಫಿಗೆಂದು ಹೊರಗೆ ಹೋದಾಗ ನಾನು ಸಮನ್ವಿತಾಳ ಪಕ್ಕ ಕೂತೆ. ಅವಳು ಛಾವಣಿಯ ಫ್ಯಾನು ನೋಡುತ್ತಿದ್ದಳು.

“ಅಪ್ಪ, ನಾನು ಅಳ್ತಾ ಇದ್ದೆ. ಅದೂ ಮಿಷನ್ ಅಂದ್ಕೊಂಡ್ರಾ?”

“ಹೂಂ. ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂದ್ಕೊಂಡೆ.”

ಅವಳು ನಗಬಾರದೆಂದು ತುಟಿ ಕಚ್ಚಿಕೊಂಡಳು. ಸಾಧ್ಯವಾಗಲಿಲ್ಲ. ನಕ್ಕರೆ ಕಾಲು ನೋಯುತ್ತಿತ್ತು, ನೋವಿಗೆ ಅಳು ಬರುತ್ತಿತ್ತು, ಅತ್ತರೆ ಮತ್ತೆ ನಗು ಬರುತ್ತಿತ್ತು. ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ. ಆ ದಿನ ನನಗೆ ಸಿಕ್ಕ ಒಂದೇ ಒಂದು ಲಾಭ ಅದು.

ಮಂಜುಶ್ರೀ ತಡಮಾಡದೆ ತಿಳಿಸಿದ್ದರಿಂದ ಹೋದ ಹಣದಲ್ಲಿ ಮುಕ್ಕಾಲು ಪಾಲು ಯಾವುದೋ ಖಾತೆಯಲ್ಲೇ ಸಿಕ್ಕಿಬಿದ್ದು ನಿಂತಿದೆ, ವಾಪಸು ಬರಬಹುದು, ಆದರೆ ಠಾಣೆಗೆ ಬಂದು ಲಿಖಿತ ದೂರು ಕೊಡಬೇಕು ಎಂದು ಮರುದಿನ ಬೆಳಿಗ್ಗೆ ತಿಳಿಯಿತು. ನಾನು ಹೊರಡುವ ಹೊತ್ತಿಗೆ ಸಿದ್ದರಾಮಪ್ಪನವರು ಮೆಟ್ರೊ ಹಿಡಿದು ದಾಸರಹಳ್ಳಿಗೇ ಬಂದಿಳಿದಿದ್ದರು.

“ಒಬ್ಬರೇ ಹೋಗ್ಬೇಡಿ ಸಾರ್. ಶುರು ಆಗಿದ್ದೇ ನನ್ನ ಫೋನಿಂದ. ಸಾಕ್ಷಿಗೆ ನಾನಿರ್ತೀನಿ,” ಎಂದರು.

ಸೈಬರ್ ಠಾಣೆಯಲ್ಲಿ ಬೆಂಚಿನ ಮೇಲೆ ಇಬ್ಬರೂ ಅಕ್ಕಪಕ್ಕ ಕೂತೆವು. ಹೆಡ್ ಕಾನ್‌ಸ್ಟೇಬಲ್ ತಾಳ್ಮೆಯ ಮನುಷ್ಯ. ಪಕ್ಕದಲ್ಲೇ ಕೂತಿದ್ದ ಸಿದ್ದರಾಮಪ್ಪನವರನ್ನು ಕಳ್ಳನೆಂದುಕೊಂಡಿದ್ದನ್ನು ಬಿಟ್ಟು, ಮಗಳ ಫೋನು ಬಂತು ಎಂದಷ್ಟೇ ನಾನು ಹೇಳಿದೆ; ಅವರು ಎಲ್ಲವನ್ನೂ ನಿಧಾನವಾಗಿ ಬರೆದುಕೊಂಡರು. ಹೀರೇಕಾಯಿಯ ಹತ್ತಿರ ಬಂದಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು, ಮತ್ತೆ ಮುಂದುವರಿಯಿತು. ಆಮೇಲೆ ನನ್ನ ಫೋನು ಕೇಳಿ, ಆ ದಿನದ ಕರೆಗಳ ಪಟ್ಟಿ ತೆರೆದರು. ನೋಡುತ್ತಾ ನೋಡುತ್ತಾ ಅವರ ಹುಬ್ಬು ಮೇಲೇರಿತು.

“ಸಾರ್, ಆ ಹೆಂಗಸಿನ ನಂಬರು ಸರಿ. ಇಲ್ಲಿ ಇನ್ನೊಬ್ಬ ಇದ್ದಾನಲ್ಲ. ‘ಮಹಾಕಳ್ಳ, ದಾಸರಹಳ್ಳಿ ವಾಟ್ಸಾಪ್ ಗ್ರೂಪಿಗೆ ಹಾಕಬೇಕು’ ಅಂತ ಸೇವ್ ಮಾಡಿದ್ದೀರಿ. ಎಂಟು ಸಲ ಫೋನ್ ಮಾಡಿದ್ದಾನೆ. ಇವನ ವಿಷಯ ಯಾಕೆ ಹೇಳ್ಲಿಲ್ಲ?”

ಉಪ್ಪಿಟ್ಟು ತಿನ್ನುತ್ತಾ ಆ ಹೆಸರಿನಲ್ಲಿ ನಂಬರು ಉಳಿಸಿಟ್ಟಿದ್ದನ್ನು ನಾನು ಮರೆತೇ ಬಿಟ್ಟಿದ್ದೆ.

“ಅದು... ಅದೇನಿಲ್ಲ ಸಾರ್. ಬಿಟ್ಬಿಡಿ.”

“ಬಿಡೋದು ಹೇಗೆ? ಇಂಥೋರನ್ನೇ ನಾವು ಹುಡುಕ್ತಿರೋದು. ಇರಿ, ಸ್ಪೀಕರಲ್ಲಿ ಹಾಕ್ತೀನಿ. ನೀವು ಮಾತಾಡ್ಬೇಡಿ.”

ಅವರು ಒತ್ತಿಯೇಬಿಟ್ಟರು. ನನ್ನ ಪಕ್ಕದ ಬಿಳಿ ಶರಟಿನ ಜೇಬಿನಲ್ಲಿ, ಎರಡು ಪೆನ್ನುಗಳ ಹಿಂದೆ, ಫೋನು ಹೊಡೆದುಕೊಳ್ಳತೊಡಗಿತು.

ಸಿದ್ದರಾಮಪ್ಪನವರು ಕನ್ನಡಕ ಸರಿಮಾಡಿಕೊಂಡು ಫೋನು ಹೊರತೆಗೆದರು. ಪರದೆಯ ಮೇಲೆ ನನ್ನ ನಂಬರು ಬೆಳಗುತ್ತಿತ್ತು. ಅವರು ಅದನ್ನು ಯಾವ ಹೆಸರಿನಲ್ಲಿ ಉಳಿಸಿಕೊಂಡಿದ್ದರೆಂಬುದನ್ನು ನಾನೂ ಓದಿದೆ, ಹೆಡ್ ಕಾನ್‌ಸ್ಟೇಬಲ್ಲೂ ಓದಿದರು: ‘ನಮ್ಮ ಬೀಗರು’.